ಒಂದು ವರ್ಷ ಬಂದರೆ ಸಾಕು

ಊರಲ್ಲಿ ಎಲ್ಲರೂ ಅವಳನ್ನು ಸೂಜಿ ಅಕ್ಕ ಎಂದೇ ಕರೆಯುತ್ತಿದ್ದರು. ಲ್ಯಾಬೊಂದರ ಪರವಾಗಿ ಮನೆಮನೆಗೆ ಹೋಗಿ ರಕ್ತ ತೆಗೆದುಕೊಂಡು ಬರುವುದು ಅವಳ ಕೆಲಸ. ಬೆಳಗ್ಗೆ ಆರಕ್ಕೆ ಹೊರಟರೆ, ಜನ ಹಸಿದ ಹೊಟ್ಟೆಯಲ್ಲಿ ಗೊಣಗಲು ಶುರುಮಾಡುವ ಮೊದಲೇ ಹತ್ತು ಹನ್ನೆರಡು ಮನೆ ಮುಗಿಸಬೇಕು. ನರವೇ ಸಿಗುವುದಿಲ್ಲ ಎಂದು ಬೇರೆಯವರು ಕೈಬಿಟ್ಟ ಮುದುಕಿಯರ ತೋಳಲ್ಲೂ ಒಂದೇ ಸಲಕ್ಕೆ ಸೂಜಿ ಇಳಿಸುತ್ತಿದ್ದಳು. ಅದಕ್ಕೇ ಜನ ಅವಳೇ ಬರಲಿ ಎಂದು ಹಟ ಹಿಡಿಯುತ್ತಿದ್ದರು. ಮಳೆಯಿರಲಿ, ಮಂಜಿರಲಿ, ಡಾಂಬರು ಕರಗುವ ಬಿಸಿಲಿರಲಿ, ಅವಳ ಹಳೇ ಬಿಳಿ ಕಾರು ದಿನಕ್ಕೆ ಎಪ್ಪತ್ತು ಕಿಲೋಮೀಟರು ಓಡಲೇಬೇಕಿತ್ತು.

ನಲವತ್ತೊಂಬತ್ತನೆಯ ವಯಸ್ಸಿಗೆ ಅವಳ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ತನ್ನ ರಕ್ತವನ್ನು ತಾನೇ ಲ್ಯಾಬಿಗೆ ಒಯ್ದು ಕೊಟ್ಟಳು. ಫಲಿತಾಂಶವನ್ನು ಡಾಕ್ಟರಿಗಿಂತ ಮೊದಲು ಓದಿದವಳೂ ಅವಳೇ. ಡಾಕ್ಟರು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು, ಚಿಕಿತ್ಸೆ ಮಾಡೋಣ, ಆದರೆ ಒಂದು ವರ್ಷ, ಹೆಚ್ಚೆಂದರೆ ಒಂದೂವರೆ, ಅದಕ್ಕಿಂತ ಮುಂದಿನದನ್ನು ನಾನು ಹೇಳಲಾರೆ ಎಂದರು. ಅವಳು ತಲೆಯಾಡಿಸಿ, ಡ್ರಿಪ್ ಹಾಕುವ ವಾರ ಬಿಟ್ಟು ಉಳಿದ ವಾರ ಕೆಲಸಕ್ಕೆ ಹೋಗಬಹುದೇ ಎಂದಷ್ಟೇ ಕೇಳಿದಳು. ಹೋಗಬಹುದು ಎಂದರು. ಹೋದಳು.

ಅವಳ ಗಂಡ ಬಣ್ಣದ ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್. ಬೇಕಾದದ್ದಕ್ಕಿಂತ ಒಂದು ಡಬ್ಬಿ ಹೆಚ್ಚು ಬಂದರೂ ಅವನಿಗೆ ಅಂದು ಊಟ ರುಚಿಸುತ್ತಿರಲಿಲ್ಲ. ಮನೆಯಲ್ಲಿ ಟೂತ್‌ಪೇಸ್ಟಿನ ಟ್ಯೂಬನ್ನು ಕತ್ತರಿಯಿಂದ ಸೀಳಿ ಒಳಗಿನದನ್ನು ಬಳಿದು ಮುಗಿಸುವವನು. ಹಾಗೆಂದು ಕೆಟ್ಟವನೆಂದು ಯಾರೂ ಹೇಳುವಂತಿರಲಿಲ್ಲ. ಇಪ್ಪತ್ಮೂರು ವರ್ಷದಲ್ಲಿ ಹೆಂಡತಿಯ ಮೇಲೆ ಒಂದು ದಿನವೂ ದನಿ ಏರಿಸಿದವನಲ್ಲ. ಕಾಯಿಲೆ ಬಂದ ಮೇಲಂತೂ ಅವಳು ವಾಂತಿ ಮಾಡಿದ ಬೋಗುಣಿಯನ್ನು ಮುಖ ಸಿಂಡರಿಸದೆ ತೊಳೆಯುತ್ತಿದ್ದ, ಹಾಸಿಗೆಯ ಹೊದಿಕೆ ಬದಲಿಸುತ್ತಿದ್ದ, ಗಂಟೆಗೆ ಸರಿಯಾಗಿ ಮಾತ್ರೆ ಕೊಡುತ್ತಿದ್ದ. ನಿನ್ನ ಗಂಡ ಚಿನ್ನದಂಥವನು ಎಂದು ಅವಳ ಅಕ್ಕ ಫೋನಿನಲ್ಲಿ ಹೇಳಿದಾಗಲೆಲ್ಲ ಅವಳು ಹೌದು ಎನ್ನುತ್ತಿದ್ದಳು. ಹೌದು ಎಂದೇ ನಂಬಿದ್ದಳು.

ಚಿಕಿತ್ಸೆಯ ಮೂರನೆಯ ತಿಂಗಳು, ಒದ್ದೆ ರಸ್ತೆಯ ತಿರುವಿನಲ್ಲಿ ಬ್ರೇಕ್ ಒತ್ತಿದರೂ ಕಾರು ನಿಲ್ಲದೆ ಜಾರಿಕೊಂಡು ಹೋಗಿ ಚರಂಡಿಯ ಅಂಚಿನಲ್ಲಿ ನಿಂತಿತು. ಅವಳಿಗೇನೂ ಆಗಲಿಲ್ಲ. ರಕ್ತದ ಎರಡು ಟ್ಯೂಬು ಒಡೆದವು. ಆ ಎರಡು ಮನೆಗೂ ಮತ್ತೆ ಹೋಗಿ, ಕೈಮುಗಿದು, ಮತ್ತೆ ಚುಚ್ಚಬೇಕಾಯಿತು. ಎರಡನೆಯ ಮನೆಯವನು ನಿವೃತ್ತ ಬಸ್ ಡ್ರೈವರ್, ಸಕ್ಕರೆ ಕಾಯಿಲೆಯವನು. ಮೊಣಕೈಗೆ ಹತ್ತಿ ಒತ್ತಿಕೊಂಡೇ ಹೊರಗೆ ಬಂದು ಕಾರಿನ ಸುತ್ತ ಒಂದು ಸುತ್ತು ಹಾಕಿದ.

"ಮಗಳೇ, ಇದು ಟಯರಲ್ಲ, ಬಲೂನು," ಎಂದ. "ನನ್ನ ತಲೆಗಿಂತ ಬೋಳಾಗಿದೆ."

ಅಂದು ಅವನು ಅವಳನ್ನು ಅರ್ಧ ಗಂಟೆ ನಿಲ್ಲಿಸಿಕೊಂಡು ಪಾಠ ಮಾಡಿದ. ಮಳೆಗೊಂದು ಚಳಿಗೊಂದು ಎಂದು ಬದಲಿಸುತ್ತ ಕೂರುವುದು ಅವಳಂಥವರಿಗೆ ಆಗದ ಮಾತು, ಎಲ್ಲ ಕಾಲಕ್ಕೂ ಆಗುವ ಆಲ್ ಸೀಸನ್ ಟಯರೇ ಸರಿ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, ಮೊದಲ ಎರಡು ತಯಾರಾದ ವಾರ, ಮುಂದಿನೆರಡು ವರ್ಷ. ಅಂಗಡಿಯವರು ಎಷ್ಟೇ ಹೊಳಪು ಹಚ್ಚಿ ನಿಲ್ಲಿಸಲಿ, ಆ ಅಂಕಿ ಸುಳ್ಳು ಹೇಳುವುದಿಲ್ಲ. ಸವೆತದ ನಂಬರು ಅಂತ ಇನ್ನೊಂದಿದೆ, ಅದು ದೊಡ್ಡದಿದ್ದಷ್ಟೂ ಟಯರು ಹೆಚ್ಚು ಬಾಳುತ್ತದೆ. ತೀರಾ ಅಗ್ಗದ್ದು ಕೊಂಡರೆ ಮಳೆಯಲ್ಲಿ ಕೈಕೊಡುತ್ತದೆ, ತೀರಾ ದುಬಾರಿಯದು ನಿನ್ನ ಈ ಡಬ್ಬಾ ಕಾರಿಗೆ ದಂಡ.

ಮುಂದಿನ ಮೂರು ವಾರ ಅವಳಿಗೆ ಅದೇ ಧ್ಯಾನ. ತೋಳಿಗೆ ಪಟ್ಟಿ ಬಿಗಿಯುತ್ತ ಪ್ರತಿಯೊಬ್ಬರನ್ನೂ ನಿಮ್ಮ ಕಾರಿಗೆ ಯಾವ ಟಯರು ಎಂದು ಕೇಳಿದಳು. ಟ್ಯಾಕ್ಸಿಯವನು ಒಂದು ಹೇಳಿದ, ಶಾಲೆಯ ಹೆಡ್‌ಮೇಡಂ ಇನ್ನೊಂದು ಹೇಳಿದರು. ಕಾರೇ ಇಲ್ಲದ ಟೈಲರ್ ಎಲ್ಲರಿಗಿಂತ ಹೆಚ್ಚು ಹೇಳಿದ. ಲ್ಯಾಬಿನ ಹಳೇ ಫಾರಂಗಳ ಹಿಂಬದಿಯಲ್ಲಿ ಎಲ್ಲವನ್ನೂ ಬರೆದುಕೊಂಡಳು. ಕೊನೆಗೆ ಮಧ್ಯಮ ಬೆಲೆಯ ಒಂದು ಟಯರು ಅವಳ ಮನಸ್ಸಿಗೆ ಬಂತು. ಒದ್ದೆ ರಸ್ತೆಯಲ್ಲಿ ಬಿಗಿಹಿಡಿತ, ಸವೆತದ ನಂಬರು ದೊಡ್ಡದು, ಕಂಪನಿಯೇ ಆರು ವರ್ಷದ ಗ್ಯಾರಂಟಿ ಕೊಡುತ್ತಿತ್ತು. ಊಟದ ಮೇಜಿನ ಮೇಲೆ ಆ ಫಾರಂಗಳನ್ನು ಹರಡಿ ಗಂಡನಿಗೆ ವಿವರಿಸುವಾಗ ಅವಳ ಕೆನ್ನೆ ಕೆಂಪೇರಿತ್ತು. ಡಾಕ್ಟರ ಕೋಣೆಯಿಂದ ಹೊರಬಂದ ಮೇಲೆ ಅವಳು ಮುಂದಿನ ತಿಂಗಳಾಚೆಗಿನ ಯಾವುದನ್ನಾದರೂ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಗಂಡ ಎಲ್ಲ ಕೇಳಿ, ಆರು ವರ್ಷವೇ ಎಂದ. ಅವಳು ಹೌದು ಎಂದಳು. ಅವನು ತಟ್ಟೆ ಎತ್ತಿಕೊಂಡು ತೊಳೆಯಲು ಹೋದ.

ಶನಿವಾರ ಬೆಳಗ್ಗೆ ಇಬ್ಬರೂ ಟಯರ್ ಅಂಗಡಿಗೆ ಹೋದರು. ಅಂಗಡಿಯವನು ದಪ್ಪ ಗಾಜಿನ ಕನ್ನಡಕದ, ಮಾತಿನಲ್ಲಿ ಬೆಣ್ಣೆ ಸವರುವ ಮನುಷ್ಯ. ಅವಳ ಫಾರಂ ನೋಡಿ, ಮೇಡಂ ನೀವು ನಮ್ಮಲ್ಲೇ ಕೆಲಸಕ್ಕೆ ಸೇರಿಬಿಡಿ ಎಂದು ನಕ್ಕ. ಕಾರನ್ನು ಲಿಫ್ಟಿಗೆ ಏರಿಸಿದರು. ರಬ್ಬರಿನ ವಾಸನೆ ಅವಳಿಗೆ ತಡೆಯಲಾಗಲಿಲ್ಲ. ಹಿಂದೆ ಇದ್ದ ಬಚ್ಚಲಿಗೆ ಓಡಿದಳು. ವಾಂತಿ ಮಾಡಿ, ಮುಖ ತೊಳೆದು ಹಿಂದಿರುಗುವಾಗ ದಾರಿಯಲ್ಲಿ ಆಳೆತ್ತರಕ್ಕೆ ಪೇರಿಸಿದ್ದ ಟಯರುಗಳ ಪಕ್ಕ ಉಸಿರು ತೆಗೆದುಕೊಳ್ಳಲು ನಿಂತಳು. ಆಚೆ ಬದಿಯಲ್ಲಿ ಗಂಡನ ದನಿ ಕೇಳಿಸಿತು, ಸ್ಟೋರಿನಲ್ಲಿ ಮಾತಾಡುವ ಅದೇ ಸಮಾಧಾನದ ದನಿ.

"ಆರು ವರ್ಷದ್ದು ನಮಗೆ ಬೇಡ. ಒಂದು ವರ್ಷ ಬಂದ್ರೆ ಸಾಕು."

ಅಂಗಡಿಯವನು ಏನೋ ಕೇಳಿದ.

"ಡಾಕ್ಟ್ರು ಹೇಳಿರೋದೇ ಅಷ್ಟು. ಆಮೇಲೆ ಕಾರು ಮಾರೋದೇ, ನನಗೆ ಓಡ್ಸೋಕೆ ಬರಲ್ಲ. ಮಾರೋ ಕಾರಿಗೆ ಯಾಕೆ ಸುರೀಬೇಕು ಹೇಳಿ. ಇರೋದ್ರಲ್ಲಿ ಅಗ್ಗದ್ದು ಹಾಕಿ. ಅವಳು ಕೇಳಿದ್ರೆ ಅದೇ ಹಾಕಿದ್ದೀವಿ ಅನ್ನಿ, ಪಾಪ, ಖುಷಿಯಾಗಿರ್ಲಿ."

ಅಂಗಡಿಯವನು ಹಳೇ ಸ್ಟಾಕಿನದು ನಾಲ್ಕಿದೆ, ಕೊಡ್ತೀನಿ ಎಂದ.

ಅವಳು ಅಲ್ಲೇ ನಿಂತಳು. ಬಯ್ದಿದ್ದರೆ ತಡೆದುಕೊಳ್ಳಬಹುದಿತ್ತು. ಆ 'ಪಾಪ' ಎನ್ನುವ ಮಾತು ಸೂಜಿಯಂತೆ ಒಳಗಿಳಿದು ಅಲ್ಲೇ ಮುರಿದುಕೊಂಡಿತು. ಹೊರಗೆ ಬಂದು ಬೆಂಚಿನ ಮೇಲೆ ಕೂತು, ನಾಲ್ಕು ಟಯರು ಏರುವವರೆಗೂ ನೋಡಿದಳು. ಎಲ್ಲ ಮುಗಿದ ಮೇಲೆ ಬಗ್ಗಿ ಪಕ್ಕದ ಅಂಕಿ ಓದಿದಳು. ಐದು ವರ್ಷದ ಹಿಂದಿನದು. ಅವಳು ಆರಿಸಿದ್ದೇ ಹಾಕಿದೆ ಎಂದು ಅಂಗಡಿಯವನು ಹೇಳಿದ. ತುಂಬಾ ಥ್ಯಾಂಕ್ಸ್ ಎಂದು ಸ್ಟಿಯರಿಂಗ್ ಹಿಂದೆ ಕೂತಳು. ಗಂಡ ಪಕ್ಕದಲ್ಲಿ ಕೂತ.

ಮನೆಗೆ ಹತ್ತಿರದ ದಾರಿ ಬಿಟ್ಟು ಅವಳು ಕೆರೆಯ ಸುತ್ತಿನ ರಸ್ತೆ ಹಿಡಿದಳು. ಜಿನುಗು ಮಳೆ ಬೀಳುತ್ತಿತ್ತು. ಒಂದರ ಹಿಂದೊಂದು ತಿರುವು. ಮೊದಲನೆಯದರಲ್ಲಿ ವೇಗ ಇಳಿಸಲಿಲ್ಲ. ಎರಡನೆಯದರಲ್ಲಿ ಏರಿಸಿದಳು. ಕಾರಿನ ಹಿಂಭಾಗ ಸಣ್ಣಗೆ ಅತ್ತ ಸರಿಯಿತು. ಗಂಡ ಬಾಗಿಲಿನ ಹಿಡಿಕೆ ಹಿಡಿದುಕೊಂಡ.

"ನಿಧಾನ ಕಣೇ."

"ಯಾಕ್ರೀ? ಹೊಸ ಟಯರು. ಹಿಡಿತ ಎಷ್ಟು ಚೆನ್ನಾಗಿದೆ ನೋಡಿ."

ಮೂರನೆಯ ತಿರುವು ಬಂತು. ಅವನ ಹಣೆಯಲ್ಲಿ ಬೆವರೊಡೆದಿತ್ತು. ಬಾಯಿ ತೆರೆದ, ಮುಚ್ಚಿದ. ಹೇಳಿದರೆ ಸಿಕ್ಕಿಬೀಳುತ್ತಾನೆ, ಹೇಳದಿದ್ದರೆ ಕೆರೆಯೇ ಗತಿ. ಅವಳಿಗೆ ಅದು ಚೆನ್ನಾಗಿ ಗೊತ್ತಿತ್ತು. ಹೀಗೆ ಒಂಬತ್ತು ತಿರುವು ಅವನನ್ನು ಕರೆದೊಯ್ದಳು. ಮನೆ ಮುಂದೆ ನಿಂತಾಗ ಅವನ ಅಂಗಿ ಬೆನ್ನಿಗೆ ಅಂಟಿತ್ತು. ಅವಳಿಗೆ ಕಾಯಿಲೆ ಬಂದ ಮೇಲೆ ಮೊದಲ ಸಲ ಹಸಿವಾಯಿತು. ಎರಡು ಸಲ ಬಡಿಸಿಕೊಂಡು ಉಂಡಳು.

ಸೋಮವಾರ ಲ್ಯಾಬಿಗೆ ಟ್ಯೂಬುಗಳನ್ನು ಕೊಟ್ಟು ಒಬ್ಬಳೇ ಮತ್ತೆ ಆ ಅಂಗಡಿಗೆ ಹೋದಳು. ಕನ್ನಡಕದವನು ಎದ್ದು ನಿಂತ. ಮುಂದಿನ ಚಕ್ರದ ಬಳಿ ಕರೆದು, ಈ ನಾಲ್ಕು ಅಂಕಿ ನನಗೆ ಸರಿಯಾಗಿ ಕಾಣುತ್ತಿಲ್ಲ, ನೀವೇ ಓದಿ ಹೇಳಿ ಎಂದಳು. ಬೇರೆ ಗಿರಾಕಿಗಳು ನೋಡುತ್ತಿದ್ದರು. ಅವನು ಮಂಡಿಯೂರಿ ಕೂತು ಓದಿದ. ಗಟ್ಟಿಯಾಗಿ ಎಂದಳು. ಗಟ್ಟಿಯಾಗಿ ಓದಿದ. ಆಮೇಲೆ, ಯಜಮಾನ್ರೇ ಹೇಳಿದ್ರು ಮೇಡಂ ಎಂದು ತೊದಲಿದ.

"ನನ್ನ ಗಂಡ ಒಂದು ವರ್ಷ ಅಂದ್ರು," ಎಂದಳು ಅವಳು. "ನೀವು ಐದು ವರ್ಷ ಕೊಳೆತಿದ್ದು ಹಾಕಿದ್ರಿ. ನೀವು ನನಗೆ ಎಷ್ಟು ದಿನ ಅಂದ್ಕೊಂಡಿದ್ರಿ?"

ಅವನು ಎದ್ದು ಕಾರನ್ನು ಮತ್ತೆ ಲಿಫ್ಟಿಗೆ ಏರಿಸಿದ. ಒಂದು ಗಂಟೆಯಲ್ಲಿ ಅವಳು ಆರಿಸಿದ್ದ ನಾಲ್ಕು ಹೊಸ ಟಯರು ಏರಿದವು. ವ್ಯತ್ಯಾಸದ ಹಣವನ್ನು ಬೇಡವೆಂದ. ಅವಳು ಗಲ್ಲಾದ ಮೇಲಿಟ್ಟು ಬಂದಳು. ಮನೆಯಲ್ಲಿ ಈ ವಿಷಯ ಎತ್ತಲಿಲ್ಲ.

ಚಿಕಿತ್ಸೆ ಮುಂದುವರಿಯಿತು. ಕೂದಲು ಹೋಯಿತು, ಉಗುರು ಕಪ್ಪಾಯಿತು. ಗಂಡ ಮೊದಲಿನ ಹಾಗೆಯೇ ಬೋಗುಣಿ ತೊಳೆದ, ಅನ್ನ ಕಲಸಿ ತಿನ್ನಿಸಿದ. ಅವಳು ಬಾಯಿ ತೆರೆದು ನುಂಗಿದಳು. ತಿನ್ನಿಸುವ ಕೈಯನ್ನೇ ನೋಡುತ್ತ, ಈ ಕೈ ಎಷ್ಟು ತುತ್ತಿಗೆ ತಯಾರಾಗಿ ಬಂದಿದೆಯೋ ಎಂದುಕೊಳ್ಳುತ್ತಿದ್ದಳು.

ಎಂಟನೆಯ ತಿಂಗಳು ಒಂದು ಭಾನುವಾರ, ಅವಳು ಕಿಟಕಿಯ ಬಳಿ ಮಲಗಿದ್ದಾಗ, ಅಂಗಳದಲ್ಲಿ ಅಪರಿಚಿತ ದನಿ ಕೇಳಿಸಿತು. ಗಂಡನ ಕಾರ್ಖಾನೆಯ ಲಾರಿ ಮೇಸ್ತ್ರಿ ಕೊಳ್ಳಲೆಂದು ಕಾರು ನೋಡಲು ಬಂದಿದ್ದ. ಬಾನೆಟ್ ಎತ್ತಿದ, ಬಾಗಿಲು ತೆರೆದು ಮುಚ್ಚಿದ, ಕೊನೆಗೆ ಕುಕ್ಕರುಗಾಲಲ್ಲಿ ಕೂತು ಟಯರು ತಟ್ಟಿದ.

"ಒಳ್ಳೇ ಮಾಲು ಹಾಕ್ಸಿದ್ದೀರಲ್ಲ ಸಾರ್. ಇನ್ನೂ ಐದಾರು ವರ್ಷ ಇದನ್ನ ಮುಟ್ಟೋ ಹಾಗಿಲ್ಲ."

ಇಲ್ಲ, ಅದು ಸಾಧಾರಣದ್ದು ಎಂದ ಗಂಡ. ಮೇಸ್ತ್ರಿ ನಗುತ್ತ ಅಂಕಿ ತೋರಿಸಿದ. ಗಂಡ ಬಗ್ಗಿ ಓದಿದ, ಮತ್ತೊಂದು ಚಕ್ರದ ಬಳಿ ಹೋಗಿ ಓದಿದ. ನಾಲ್ಕನ್ನೂ ಓದಿ ಮುಗಿಸಿ ತಲೆ ಎತ್ತಿದಾಗ ಕಿಟಕಿಯಲ್ಲಿ ಹೆಂಡತಿ ಎದ್ದು ಕೂತಿದ್ದಳು. ಬೋಳು ತಲೆ, ಹೆಗಲ ಮೇಲೆ ಶಾಲು. ಅವಳು ಮುಖ ತಿರುಗಿಸಲಿಲ್ಲ. ಅವನೇ ತಿರುಗಿಸಿದ. ಮೇಸ್ತ್ರಿಗೆ ಏನೋ ಹೇಳಿ ಕಳಿಸಿದ.

ಒಳಗೆ ಬಂದು ಮಂಚದ ಕಾಲಬುಡದಲ್ಲಿ ನಿಂತ.

"ಅವತ್ತು ಕೇಳಿಸ್ಕೊಂಡ್ಯಾ?"

"ಹೂಂ."

"ಆಗ್ಲೇ ಹೇಳ್ಬಹುದಿತ್ತಲ್ಲ. ತಪ್ಪಾಯ್ತು ಕಣೇ."

"ತಪ್ಪೇನಿಲ್ಲ. ಡಾಕ್ಟ್ರು ಹೇಳಿದ್ದನ್ನ ನೀವು ನಂಬಿದ್ರಿ. ಹೋಗ್ಲಿ, ಅವರು ಮತ್ತೆ ಯಾವಾಗ ಬರ್ತಾರೆ ಕಾರು ನೋಡೋಕೆ? ಹೇಳಿದ್ರೆ ನಾನು ತೊಳೆದಿಟ್ಟಿರ್ತೀನಿ."

ಅವನು ಅತ್ತ. ಅವಳು ಅವನು ಅಳುವುದನ್ನು ನೋಡಿದಳು, ಮುಗಿಯುವವರೆಗೂ ಕಾದಳು, ಮಾತ್ರೆಯ ಹೊತ್ತಾಯಿತು ಎಂದಳು.

ವರ್ಷ ತುಂಬುವಷ್ಟರಲ್ಲಿ ಗಡ್ಡೆ ಕರಗಿತ್ತು. ಹೀಗಾಗುವುದು ಅಪರೂಪ ಎಂದು ಡಾಕ್ಟರೇ ಎರಡು ಸಲ ಸ್ಕ್ಯಾನ್ ತೆಗೆಸಿ ನೋಡಿದರು. ಆಸ್ಪತ್ರೆಯ ಮೊಗಸಾಲೆಯಲ್ಲಿ ಗಂಡ ಗೋಡೆಗೆ ಆತು ಬಿಕ್ಕಿಬಿಕ್ಕಿ ಅತ್ತದ್ದನ್ನು ಕಂಡು ನರ್ಸು ನೀರು ತಂದುಕೊಟ್ಟಳು. ಆ ಕಣ್ಣೀರು ಸುಳ್ಳಲ್ಲ ಎಂದು ಅವಳಿಗೆ ಗೊತ್ತಾಯಿತು. ಸುಳ್ಳಾಗಿದ್ದರೆ ಅವಳ ಕೆಲಸ ಸುಲಭವಾಗುತ್ತಿತ್ತು. ಅಂಥವನನ್ನು ಬಿಟ್ಟು ಅಕ್ಕನ ಮನೆಗೆ ಹೋಗಿಬಿಡಬಹುದಿತ್ತು. ಇವನನ್ನು ಬಿಡಲು ಕಾರಣ ಹೇಳಿದರೆ ಜನ ನಗುತ್ತಾರೆ, ಟಯರಿಗಾಗಿ ಗಂಡನನ್ನು ಬಿಟ್ಟವಳು ಎನ್ನುತ್ತಾರೆ.

ಅದಕ್ಕೇ ಬಿಡಲಿಲ್ಲ. ಜೊತೆಯಲ್ಲೇ ಇದ್ದಳು. ಆದರೆ ಅಂದು ಆಸ್ಪತ್ರೆಯಿಂದ ಹೊರಟಾಗ ಅವನು ಮುಂದಿನ ಬಾಗಿಲಿಗೆ ಕೈ ಹಾಕಿದ್ದನ್ನು ನೋಡಿ, ಹಿಂದೆ ಕೂತ್ಕೊಳ್ಳಿ ಎಂದಳು. ಯಾಕೆ ಎಂದು ಅವನು ಕೇಳಲಿಲ್ಲ. ಅಂದಿನಿಂದ ಅವನ ಜಾಗ ಹಿಂದಿನ ಸೀಟು. ಮದುವೆಗೆ ಹೋಗಲಿ, ತರಕಾರಿಗೆ ಹೋಗಲಿ, ದಿನವೂ ಅವನನ್ನು ಕಾರ್ಖಾನೆಗೆ ಬಿಡಲು ಹೋಗಲಿ, ಅವಳು ಮುಂದೆ, ಅವನು ಹಿಂದೆ. ಪಕ್ಕದ ಸೀಟು ಖಾಲಿ.

ಹೆಂಡತಿಯನ್ನೇ ಡ್ರೈವರ್ ಮಾಡಿಕೊಂಡ ದೊಡ್ಡ ಮನುಷ್ಯ ಎಂದು ಕಾರ್ಖಾನೆಯವರು ಗೇಟಿನಲ್ಲಿ ಚುಡಾಯಿಸುತ್ತಾರೆ. ಅವನು ಹಲ್ಲು ಕಿರಿದು ಇಳಿಯುತ್ತಾನೆ. ಇಳಿದ ಮೇಲೆ ಕಿಟಕಿಯ ಬಳಿ ಬಗ್ಗಿ, ಸಂಜೆ ಬರ್ತೀಯಾ ಎಂದು ದಿನವೂ ಕೇಳುತ್ತಾನೆ. ಅವಳು ಬರುತ್ತಾಳೆ, ಒಂದು ದಿನವೂ ತಪ್ಪಿಸಿಲ್ಲ. ಆದರೆ ಆ ಪ್ರಶ್ನೆಗೆ ಇದುವರೆಗೆ ಉತ್ತರ ಕೊಟ್ಟಿಲ್ಲ. ಗೇರು ಹಾಕಿ ಹೊರಟುಬಿಡುತ್ತಾಳೆ.