ಹೆಸರಿಲ್ಲದ ಚೌಕ

"ಆ ಡಬ್ಬಿಯನ್ನ ಕಿಟಕಿಯಿಂದ ಆಚೆ ಎಸೀರಿ ಅಂದೆ! ತಲೆ ಹತ್ರ ಇಟ್ಟ ದೀಪ ಮತ್ತೆ ಆರಿತು. ಕಣ್ಣು ಕಾಣಲ್ವಾ ಯಾರಿಗೂ?"

ನಂಜುಂಡ ಕೂಗಾಡುತ್ತಿದ್ದ. ವಿಕ್ರೋಳಿಯ ಆ ಮನೆಯ ಹಾಲಿನಲ್ಲಿ, ಚಾಪೆಯ ಮೇಲೆ, ಅವನ ತಮ್ಮ ಸತ್ಯಮೂರ್ತಿಯ ಹೆಣ. ಮೇಲೆ ಫ್ಯಾನು ಭರ್ರನೆ ತಿರುಗುತ್ತಿತ್ತು.

"ಮುಟ್ಟಬೇಡಿ ಭಾವ. ಅವರು ಮಾಡಿದ್ದು ಅದು," ಎಂದಳು ಮೂರ್ತಿಯ ಹೆಂಡತಿ ಸುಮಿತ್ರಾ.

"ಮಾಡಿದ್ದು! ಗೋಡೆ ಸ್ವಿಚ್ಚೆಲ್ಲ ಕಿತ್ತುಹಾಕಿ ಮಾಡಿದ್ದು! ಹೆಣಕ್ಕೆ ಯಾಕಮ್ಮ ಗಾಳಿ?"

ಮೂರ್ತಿಯ ಜೊತೆ ಫ್ಯಾಕ್ಟರಿಯಲ್ಲಿದ್ದ ಶೇಖರ ಮೂಲೆಯಲ್ಲಿ ಕೂತು, ಟೀವಿಗೆ ಜೋಡಿಸಿದ ಆ ಡಬ್ಬಿಯ, ಮೂರ್ತಿಯ ಕಂಪ್ಯೂಟರಿನ, ಕೀಲಿಗಳನ್ನು ಒತ್ತುತ್ತಿದ್ದ. ಪರದೆಯ ಮೇಲೆ ಲೈಟು, ಪಂಪು, ಫ್ಯಾನು, ಒಂದೊಂದಕ್ಕೂ ಒಂದು ಚೌಕ. ಅವನು ಒತ್ತಿದಾಗ ಫ್ಯಾನು ನಿಲ್ಲುವುದು. ಪಕ್ಕದ ಮನೆಯ ದೇವಕ್ಕ ದೀಪ ಹಚ್ಚುವಳು. ಅಷ್ಟರಲ್ಲಿ ಫ್ಯಾನು ಮತ್ತೆ ತಿರುಗುವುದು.

"ನಾನು ಬಂದ್ ಮಾಡ್ತೀನಿ, ಅದು ಚಾಲೂ ಮಾಡ್ಕೊಳ್ಳತ್ತೆ. ಇಲ್ಲೊಂದು ಚೌಕಕ್ಕೆ ಹೆಸರೇ ಇಲ್ಲ ಅತ್ತಿಗೆ, ಬೆಳಗ್ತಾ ಇದೆ. ಏನಿದು?"

"ನಂಗೊತ್ತಿಲ್ಲಪ್ಪ."

*

ಆ ಚೌಕ ಬಂದಿದ್ದು ಭಾನುವಾರ. ಮೂರ್ತಿ ಸ್ಕ್ರೂಡ್ರೈವರ್ ಬಾಯಲ್ಲಿ ಕಚ್ಚಿಕೊಂಡು ಹಾಲಿನ ನೆಲದ ಮೇಲೆ ಉರುಳಾಡುತ್ತಿದ್ದ.

"ಬಾ ಇಲ್ಲಿ. ಚೌಕ ನಾನು ಬರೆಯೋದಲ್ಲ. ತಂತಿ ಸಿಕ್ಕಿಸಿದ್ರೆ ಸಾಕು, ಮನೆಗೆ ಹೊಸದೇನೋ ಬಂತು ಅಂತ ಅದೇ ಕಂಡ್ಕೊಂಡು ಅದೇ ಬರ್ಕೊಳ್ಳತ್ತೆ. ಹೆಸರು ಮಾತ್ರ ನಾವು ಹೇಳ್ಬೇಕು."

ಪರದೆಯ ಮೇಲೆ ಹೊಸ ಚೌಕ ಮೂಡಿತು. ಕೆಳಗೆ 'ಹೆಸರು?' ಎಂದು ಇಂಗ್ಲಿಷಿನಲ್ಲಿ ಮಿಟುಕಿತು.

"ಏನು ಹೊಸದು?"

"ಹೇಳಲ್ಲ. ನೀನೇ ಕಂಡುಹಿಡಿ. ಹೆಸರೂ ನೀನೇ ಇಡು."

"ಮಿಕ್ಸಿ ಕೆಟ್ಟು ಕೂತಿದೆ, ಅದನ್ನ ರಿಪೇರಿ ಮಾಡೋ ಗಂಡಸಿಲ್ಲ ಈ ಮನೇಲಿ. ಹುಳಿ ತಣ್ಣಗಾಗ್ತಿದೆ, ಏಳಿ!"

ಅವನು ನಕ್ಕ. "ಕಂಡುಹಿಡಿದ ದಿನ ಬಂದು ಹೇಳು."

ಸೋಮವಾರ ಫ್ಯಾಕ್ಟರಿಯಲ್ಲೇ ಅವನ ಎದೆಬಡಿತ ನಿಂತಿತು. ದಿನಾ ಡ್ಯೂಟಿ ಮುಗಿಸಿ ಬಂದು ಮಲಗುತ್ತಿದ್ದ ಆ ಚಾಪೆಯ ಮೇಲೆ ಅವನು ಮಲಗಲಿಲ್ಲ. ಮಲಗಿಸಿದರು.

*

"ಹೊತ್ತಾಯ್ತು. ಎತ್ತಿ," ಎಂದ ನಂಜುಂಡ.

ಎತ್ತಿದರು. ಫ್ಯಾನು ನಿಧಾನವಾಗಿ ನಿಂತಿತು.

"ಕೊನೆಗೂ ನಿಲ್ಲಿಸಿದೆಯಲ್ಲ, ಪುಣ್ಯಾತ್ಮ!"

"ನಾನು ಮುಟ್ಟೇ ಇಲ್ಲ," ಎಂದ ಶೇಖರ.

ಯಾರದೋ ಕೈ ಜಾರಿತು. ಹೆಣವನ್ನು ಮತ್ತೆ ಚಾಪೆಗೆ ಇಳಿಸಿದರು. ಫ್ಯಾನು ತಿರುಗಿತು. ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ನಂಜುಂಡ ಒಮ್ಮೆ ಫ್ಯಾನು ನೋಡಿದ, ಒಮ್ಮೆ ತಮ್ಮನ ಮುಖ ನೋಡಿದ. ಮತ್ತೆ ಎತ್ತಿದರು. ಫ್ಯಾನು ನಿಂತಿತು. ಹೆಸರಿಲ್ಲದ ಚೌಕವೂ ಕಪ್ಪಾಯಿತು.

ಸುಮಿತ್ರಾ ಚಾಪೆಯ ಅಂಚು ಮೇಲೆತ್ತಿದಳು. ತಗಡಿನ ಎರಡು ಹಾಳೆ, ಭಾರ ಬಿದ್ದರಷ್ಟೇ ಒಂದಕ್ಕೊಂದು ತಾಗುವಂತೆ ನಡುವೆ ಸ್ಪಂಜಿನ ಚೂರುಗಳು, ಕಂಪ್ಯೂಟರಿನತ್ತ ಹೋದ ಒಂದು ತಂತಿ.

"ಇಷ್ಟು ಹೊತ್ತೂ ಇವನು ಡ್ಯೂಟಿ ಮುಗಿಸಿ ಬಂದು ಮಲಗಿದಾನೆ ಅಂತ ತಿಳ್ಕೊಂಡಿತ್ತೇನೋ ಅದು?" ನಂಜುಂಡನ ದನಿ ಇಳಿದಿತ್ತು. ಅವನು ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದ. ಚಟ್ಟ ಮೆಟ್ಟಿಲಿಳಿಯಿತು.

ಸುಮಿತ್ರಾ ಎದ್ದಳು.

"ಎಲ್ಲಿಗಮ್ಮ?" ಎಂದಳು ದೇವಕ್ಕ.

"ಕಂಡುಹಿಡಿದೆ ಅಂತ ಅವರಿಗೆ ಹೇಳ್ಬೇಕು."

"ಹೆಂಗಸರು ಹೋಗಬಾರದು ಕಣೇ! ಸುಮಿತ್ರಾ, ವಾಪಸ್ ಬಾ!"

ಬರಿಗಾಲಿನ ಸದ್ದು ಮೆಟ್ಟಿಲಿಳಿದು, ಬೀದಿ ಸೇರಿ, ಕೇಳಿಸದಾಯಿತು.

ಹಾಲಿನಲ್ಲಿ ದೀಪ ಅಲುಗಾಡದೆ ಉರಿಯುತ್ತಿತ್ತು. ಪರದೆಯ ಮೇಲೆ ಕಪ್ಪು ಚೌಕದ ಕೆಳಗೆ 'ಹೆಸರು?' ಎಂದು ಮಿಟುಕುತ್ತಲೇ ಇತ್ತು.