ಬೆಳಕು ಹೊಡೆದ ಕಣ್ಣು

ಪಕ್ಕದ ತಿಕೋಟಾದ ಆರೋಗ್ಯ ಶಿಬಿರಕ್ಕೆ ಕಣ್ಣಿನ ಫೋಟೊ ತೆಗೆದು ರೋಗ ಹೇಳುವ ಎಐ ಯಂತ್ರ ಬಂದಾಗಿನಿಂದ ವಿಜಯಪುರದ ಸ್ಟೇಷನ್ ರಸ್ತೆಯ ಕಣ್ಣಿನ ಡಾಕ್ಟರ್ ಶೈಲಶ್ರೀಗೆ ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು. ಪುಕ್ಕಟೆ ಪರೀಕ್ಷೆ, ಚಿಟಿಕೆ ಹೊಡೆಯುವುದರೊಳಗೆ ಉತ್ತರ. ಬೆವರು ಸುರಿಸಿ ಗಳಿಸಿದ ಹೆಸರನ್ನು ಒಂದು ಡಬ್ಬಿ ನುಂಗಿದರೆ ಯಾರಿಗೆ ತಾನೇ ಉರಿಯುವುದಿಲ್ಲ?

ಅಂಥ ಹೊತ್ತಿನಲ್ಲೇ ಬೋರವ್ವ ಬಂದಳು. ತಿಕೋಟಾದಲ್ಲಿ ಒಣದ್ರಾಕ್ಷಿ ಆರಿಸುವ ಹೆಂಗಸು. ಸಕ್ಕರೆ ಕಾಯಿಲೆ ಕಣ್ಣಿನ ಹಿಂಪರದೆಗೆ ಇಳಿದಿದೆ, ತಡಮಾಡಬೇಡ ಎಂದು ಯಂತ್ರ ಹೇಳಿತ್ತಂತೆ. ಶೈಲಶ್ರೀ ಪಾಪೆ ಹಿಗ್ಗಿಸುವ ಹನಿಯನ್ನೂ ಹಾಕದೆ, ಬ್ಯಾಟರಿ ದೀಪ ಹಿಡಿದು ಒಮ್ಮೆ ಇಣುಕಿದಳು.

“ಆ ಡಬ್ಬಿಗೇನ್ ತಿಳೀತದ ಬೋರವ್ವಾ? ನಿಮ್ಮ ಕಣ್ಣಿಗೆ ಏನೂ ಆಗಿಲ್ಲ. ಆರಾಮ ಹೋಗ್ರಿ.”

ಕಣ್ಣು ನೋಡಿ ಆಡಿದ ಮಾತಲ್ಲ ಅದು, ಹೊಟ್ಟೆಕಿಚ್ಚಿನ ಮಾತು.

ದಸರೆಯ ಹೊತ್ತಿಗೆ ಬೋರವ್ವನ ಎರಡೂ ಕಣ್ಣೊಳಗೆ ರಕ್ತ ಸೋರಿ ಕತ್ತಲಾಯಿತು. ಮಗಳು ನೀಲಾ ಕೈಹಿಡಿದು ಕರೆತಂದಾಗ ಶೈಲಶ್ರೀ ಕುರ್ಚಿ ಬಿಟ್ಟು ಎದ್ದು ನಿಂತಳು. ಇವತ್ತು ಇವಳು ಎಲ್ಲರೆದುರು ನನ್ನ ಮಾನ ಕಳೆಯುತ್ತಾಳೆ ಎಂದುಕೊಂಡಳು. ತುಂಬಿದ ದವಾಖಾನೆಯಲ್ಲಿ ಬೋರವ್ವ ಕೈಮುಗಿದಳು.

“ಬಾಯಾರ, ನೀವು ನೋಡಿದಾಗ ಕಣ್ಣು ಆರಾಮ ಇದ್ದೂವು. ಆ ಮಶೀನ ಫಳ್ ಅಂತ ಬೆಳಕ ಹೊಡೀತಲ್ರಿ, ಅದ ನನ್ನ ಕಣ್ಣ ತಿಂದೈತಿ. ಹೌದಲ್ರಿ?”

ಕಾದು ಕುಳಿತವರೆಲ್ಲ ಡಾಕ್ಟರ ಮುಖ ನೋಡಿದರು. ಅಲ್ಲ ಎನ್ನಲು ಎಷ್ಟು ಹೊತ್ತು ಬೇಕು? “ಇರಬಹುದು ಬೋರವ್ವಾ,” ಎಂದಳು ಪುಣ್ಯಾತ್ಗಿತ್ತಿ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈ ಮಾತು ಬಬಲೇಶ್ವರದವರೆಗೂ ಹೋಯಿತು. ಯಂತ್ರದ ಮುಂದೆ ನಾಯಿಯೂ ಸುಳಿಯಲಿಲ್ಲ. ಶೈಲಶ್ರೀಯ ದವಾಖಾನೆಯಲ್ಲಿ ನಿಲ್ಲಲು ಜಾಗವಿರಲಿಲ್ಲ.

ಯುಗಾದಿ ಹತ್ತಿರವಾದಾಗ ತಾಯಿಯ ಜೊತೆ ನೀಲಾಳೇ ರೋಗಿಯಾಗಿ ಬಂದಳು. ಚಿಕ್ಕ ವಯಸ್ಸಿಗೇ ಶುಗರ್ ಅಂಟಿಸಿಕೊಂಡಿದ್ದ ಅವಳಿಗೆ ಈಗ ಅಕ್ಷರಗಳು ಮಂಜಾಗಿ ಕಾಣುತ್ತಿದ್ದವು. ಈ ಸಲ ಶೈಲಶ್ರೀ ಹನಿ ಹಾಕಿ ಸರಿಯಾಗಿ ನೋಡಿದಳು. ತಾಯಿಯದೇ ರೋಗ. ಆದರೆ ಕಾಲ ಇನ್ನೂ ಮಿಂಚಿರಲಿಲ್ಲ.

“ಲಗೂನ ಲೇಸರ್ ಮಾಡಿದ್ರ ಕಣ್ಣು ಉಳೀತಾವ.”

“ಲೇಸರ್ ಅಂದ್ರೇನ್ರಿ?” ಎಂದಳು ಬೋರವ್ವ.

“ಬೆಳಕು…” ಶೈಲಶ್ರೀಯ ನಾಲಿಗೆ ಅಲ್ಲೇ ನಿಂತಿತು.

“ಯವ್ವಾ! ನನ್ನ ಕಣ್ಣ ತಿಂದ ಬೆಳಕ ಮಗಳಿಗೂ ಹೊಡಸೂಣೇನ್ರಿ?”

“ಬ್ಯಾಡ್ರಿ ಬಾಯಾರ,” ಎಂದಳು ನೀಲಾ. “ನಮ್ಮವ್ವನ ಗತಿ ನನಗ ಬ್ಯಾಡ.”

ಬಾಗಿಲಾಚೆ ಜನ ಇದ್ದಾರೆಂಬುದನ್ನೂ ಮರೆತು ಶೈಲಶ್ರೀ ಬೋರವ್ವನ ಕೈ ಹಿಡಿದುಕೊಂಡಳು.

“ಬೆಳಕ ತಿಂದಿಲ್ಲ ಬೋರವ್ವಾ, ನಿಮ್ಮ ಕಣ್ಣ ನಾನ ತಿಂದೀನಿ. ಮಶೀನ ಖರೇನ ಹೇಳಿತ್ತು. ನಾ ನೆಟ್ಟಗ ನೋಡದ ಸುಳ್ಳ ಹೇಳೀನಿ.”

ಬೋರವ್ವ ತಡವರಿಸಿ ಅವಳ ಕೆನ್ನೆ ಮುಟ್ಟಿ, ಕಣ್ಣೀರು ಒರೆಸಿದಳು.

“ನಮ್ಮ ಬಾಯಾರನ್ನೂ ಅಂಜಿಸ್ಯಾರ ನೋಡ, ಆ ಮಶೀನಿನವರು. ಹಿಂಗ ಅನ್ರಿ ಅಂತ ಹೇಳಿಕೊಟ್ಟಾರ.”

“ದೇವರಾಣಿ ಬೋರವ್ವಾ…”

“ಅಳಬ್ಯಾಡ್ರಿ. ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ. ಏಳ ನೀಲಾ.”

ಬಾಗಿಲಲ್ಲಿ ನಿಂತು ಕೇಳಿಸಿಕೊಂಡವರು ಒಬ್ಬೊಬ್ಬರಾಗಿ ಚಪ್ಪಲಿ ಮೆಟ್ಟಿ ಹೊರಟುಹೋದರು. ಹೊರಗಿನ ಬಿಸಿಲು ನೀಲಾಳ ಹಿಗ್ಗಿದ ಪಾಪೆಗೆ ಚುಚ್ಚಿತು, ಮೆಟ್ಟಿಲು ಕಾಣದೆ ಎಡವಿದಳು. ಕುರುಡಿ ತಾಯಿಯೇ ಅವಳ ಕೈಹಿಡಿದು ಕೆಳಗಿಳಿಸಿದಳು.