ಟ್ರ್ಯಾಕ್ಟರಿನ ಹಿಂದೆ ಕೂತ ತಮ್ಮ

ನನ್ನ ತಮ್ಮನನ್ನು ನಾವೆಲ್ಲ ಗುಂಡ ಅಂತಲೇ ಕರೆಯುವುದು. ನೋಡಿದವರು ಯಾಕೆ ಅಂತ ಕೇಳುವುದಿಲ್ಲ. ಕೆಲಸ ಮಾಡುತ್ತಿದ್ದ ಮುದ್ರಣಾಲಯ ಬಾಗಿಲು ಹಾಕಿದ ಮೇಲೆ ನಾಲ್ಕು ದಿನಕ್ಕೆಂದು ನಮ್ಮ ಮನೆಗೆ ಬಂದವನು ಇಲ್ಲೇ ಉಳಿದ. ಉಳಿಯಲಿ, ಒಡಹುಟ್ಟಿದವನು, ನನಗೇನಂತೆ? ಸಂಕೋಚವೆಲ್ಲ ಅವನಿಗೇ. ನಮ್ಮದು ಗಿಡಗಳ ನರ್ಸರಿ. ನೀರು ಹಾಕು ಅಂದರೆ ಬೇರು ಕೊಳೆಯುವಷ್ಟು ಹಾಕಿದ. ಕಸಿ ಕಟ್ಟು ಅಂದರೆ ಬೆರಳು ಕೊಯ್ದುಕೊಂಡ. ಗಿರಾಕಿಗಳನ್ನು ನೋಡಿಕೊಳ್ಳಲು ನಿಲ್ಲಿಸಿದರೆ, ಚೆನ್ನಾಗಿ ಮಾತಾಡಿದವರಿಗೆಲ್ಲ ಗಿಡ ಪುಕ್ಕಟೆ ಕೊಟ್ಟು ಕಳಿಸಿದ. ಊಟಕ್ಕೆ ಕೂತಾಗ ತಟ್ಟೆ ನೋಡಿಕೊಂಡು, "ಅಕ್ಕಾ, ನಾನಿಲ್ಲಿ ಸುಮ್ನೆ ದಂಡ" ಅನ್ನುತ್ತಿದ್ದ. "ಬಾಯ್ಮುಚ್ಚಿಕೊಂಡು ತಿನ್ನು" ಅನ್ನುತ್ತಿದ್ದೆ.

ಅಷ್ಟರಲ್ಲಿ ನಮ್ಮ ಯಜಮಾನರು ಒಂದು ಪುಟ್ಟ ಟ್ರ್ಯಾಕ್ಟರ್ ತಂದರು. ಮುಂದುಗಡೆ ದೊಡ್ಡ ಬಕೆಟ್ ಇರುವಂಥದ್ದು. ಮಣ್ಣನ್ನೋ ಗೊಬ್ಬರವನ್ನೋ ಬಾಚಿ ಎತ್ತಿ ಸುರಿಯುತ್ತದೆ. ಅದರ ಸೀಟನ್ನು ಸಿಂಹಾಸನ ಮಾಡಿಕೊಂಡರು. ನಾನೊಂದು ಸಲ ಹತ್ತಿ ಕೂತಿದ್ದಕ್ಕೆ, "ಇಳಿಯೇ, ಇದೇನು ಹೊಲಿಗೆ ಮಿಷನ್ನಾ?" ಅಂದರು. ಅಷ್ಟೆಲ್ಲ ಠೀವಿಯಿದ್ದರೂ, ಒದ್ದೆ ಮಣ್ಣು ತುಂಬಿ ಬಕೆಟ್ ಎತ್ತಿದ ಕೂಡಲೇ ಗಾಡಿಯ ಹಿಂದಿನ ಚಕ್ರ ನೆಲ ಬಿಟ್ಟು ಏಳುತ್ತಿತ್ತು. ಮುಂದೆ ಭಾರ, ಹಿಂದೆ ಹಗುರ, ಏಳದೆ ಇನ್ನೇನು?

"ಮಾರಿದವರು ಹಿಂದೆ ಭಾರ ಕಟ್ಟಬೇಕು ಅಂದಿದ್ರಲ್ಲರೀ" ಎಂದೆ. ಇವರು ತಲೆ ಕೆರೆದುಕೊಂಡು ಸುತ್ತ ನೋಡಿದರು. ಗುಂಡ ಬಾಗಿಲಲ್ಲಿ ನಿಂತಿದ್ದ.

"ಬಾಮೈದಾ, ಬಾರೋ ಇಲ್ಲಿ."

ಗಾಡಿಯ ಹಿಂದೆ ಚಾಚಿಕೊಂಡಿರುವ ಎರಡು ಕಬ್ಬಿಣದ ತೋಳಿಗೆ ಹಲಗೆ ಬಿಗಿದು ಅವನನ್ನು ಕೂರಿಸಿದರು. ಚಕ್ರ ನೆಲ ಕಚ್ಚಿತು. "ಭಲೇ! ನೀನಿಲ್ಲದಿದ್ರೆ ಈ ಗಾಡಿನೇ ಇಲ್ಲ ಕಣೋ!" ಎಂದು ಇವರು ಕೂಗಿದಾಗ ಗುಂಡನ ಮುಖ ನೋಡಬೇಕಿತ್ತು. ಅಂದಿನಿಂದ ನನಗಿಂತ ಮೊದಲು ಎದ್ದು, ಟೋಪಿ ಹಾಕಿಕೊಂಡು, ಹಲಗೆ ಒರೆಸಿ ಕಾಯುತ್ತಿದ್ದ. ಚಕ್ರ ಏಳುವ ಸುಳಿವು ಮೊದಲು ಸಿಗುತ್ತಿದ್ದದ್ದೂ ಅವನಿಗೇ. "ಭಾವಾ, ಇಳಿಸಿ!" ಎಂದು ಕೂಗುತ್ತಿದ್ದ, ಇವರು ಬಕೆಟ್ ತಗ್ಗಿಸುತ್ತಿದ್ದರು. "ಮನುಷ್ಯನ್ನ ಕಲ್ಲಿನ ಹಾಗೆ ಕಟ್ಟಿಕೊಂಡು ಓಡಾಡ್ತೀರಲ್ಲ, ಬಿದ್ರೆ ಏನು ಗತಿ?" ಎಂದು ನಾನು ದಿನಾ ಬೈಯುತ್ತಿದ್ದೆ. ಇಬ್ಬರೂ ಒಂದಾಗಿ ನಗುತ್ತಿದ್ದರು.

ಆಮೇಲೆ ಡಾಕ್ಟರು ಗುಂಡನ ರಕ್ತಪರೀಕ್ಷೆ ನೋಡಿ, ಸಕ್ಕರೆ ಏರಿದೆ, ತೂಕ ಇಳಿಸಲೇಬೇಕು ಎಂದರು. ನಾನು ಬಿಡುತ್ತೇನೆಯೇ? ಬೆಣ್ಣೆ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಜಡಿದೆ. ಹೊತ್ತುಹೊತ್ತಿಗೂ ಬೇಯಿಸಿದ ಸೊಪ್ಪು, ತರಕಾರಿ. ಮೊದಮೊದಲು ಇಳಿದ, ಬೆಲ್ಟಿಗೆ ಹೊಸ ತೂತು ಬಿತ್ತು. ಆಮೇಲೆ ಒಂದು ಕೂದಲೆಳೆಯಷ್ಟೂ ಇಳಿಯಲಿಲ್ಲ. ನನ್ನ ಅಡುಗೆಯ ಮೇಲೆ ನನಗೇ ಅನುಮಾನ ಬಂತು.

ಒಂದು ದಿನ ಇವರು ಅಂಗಳದ ಇಳಿಜಾರಿನಲ್ಲಿ ಬಕೆಟ್ ತುಂಬ ಒದ್ದೆ ಮಣ್ಣು ಎತ್ತಿದರು. "ಭಾವಾ, ಇಳಿಸಿ!" ಎಂದ ಗುಂಡ. "ಇರೋ ಮಾರಾಯ, ಇದೊಂದು" ಎಂದರು ಇವರು. ಗಾಡಿಯ ಹಿಂಭಾಗ ಎದ್ದೇಬಿಟ್ಟಿತು. ಗುಂಡ ಟೋಪಿ ಸಮೇತ ಮೇಲಕ್ಕೆ ಹೋದ. ಬಕೆಟ್ ನೆಲಕ್ಕೆ ಬಡಿದು, ಹಿಂಭಾಗ ದಬಾರೆಂದು ಕೆಳಗಿಳಿಯುವಷ್ಟರಲ್ಲಿ ಅವನು ಪಕ್ಕದ ಎಲೆಗೊಬ್ಬರದ ರಾಶಿಯಲ್ಲಿದ್ದ. ನಾನು ಓಡಿಹೋದರೆ, ರಾಶಿಯಿಂದ ತಲೆಯೆತ್ತಿ, ನನ್ನ ಕಡೆ ನೋಡದೆ ಇವರನ್ನು ಕೇಳಿದ:

"ಭಾವಾ, ನಾನು ಸಾಕಾಗ್ಲಿಲ್ವಾ?"

ಸದ್ಯ, ಮೂಳೆ ಮುರಿದಿರಲಿಲ್ಲ. ಕೈಕಾಲು ಮುಟ್ಟಿ ನೋಡಿ ಖಾತ್ರಿ ಮಾಡಿಕೊಂಡು, ಆಮೇಲೆ ಇಬ್ಬರಿಗೂ ಬೆವರಿಳಿಸಿದೆ. ಬೈದರೂ ಸಿಟ್ಟು ಇಳಿಯದೆ, ಅಲ್ಲೇ ಬೋರಲು ಹಾಕಿದ್ದ ಖಾಲಿ ಹೂಕುಂಡಗಳ ಸಾಲಿಗೆ ಒಂದು ಒದೆ ಕೊಟ್ಟೆ. ಒಂದು ಉರುಳಿತು. ಅದರಡಿ ಬೇಕರಿ ಕಾಗದದಲ್ಲಿ ಸುತ್ತಿಟ್ಟ ಬನ್ನುಗಳು, ಬೆಣ್ಣೆ ಹಚ್ಚಿದ್ದು! ಪಕ್ಕದ್ದನ್ನು ಎತ್ತಿದೆ. ಅಲ್ಲೂ ಬನ್ನು.

"ಅಯ್ಯೋ ಪಾಪಿ! ನಾನಲ್ಲಿ ಸೊಪ್ಪು ಬೇಯಿಸ್ತಾ ಸಾಯ್ತಿದ್ರೆ, ನೀನಿಲ್ಲಿ ಬನ್ನು ಬೆಳೀತಿದ್ದೀಯಾ?"

"ಆಸೆಗಲ್ಲ ಅಕ್ಕ, ನಿನ್ನಾಣೆ" ಎಂದ ಗುಂಡ. ಕೂದಲ ತುಂಬ ಎಲೆಚೂರು. "ನನ್ನ ತೂಕ ಇಳಿದಾಗಿಂದ ಚಕ್ರ ಬೇಗ ಏಳ್ತಿತ್ತು. ಇನ್ನೂ ತೆಳ್ಳಗಾದ್ರೆ ಭಾವಂಗೆ ನಾನ್ಯಾಕೆ ಬೇಕು? ಈ ಮನೇಲಿ ನನ್ನಿಂದ ಆಗೋದು ಅದೊಂದೇ ತಾನೆ?"

ನಾನು ಅಲ್ಲೇ ಕುಕ್ಕರಿಸಿ ಅತ್ತೆ. ಇವರು ಹೋಗಿ, ಹಲಗೆ ಬಿಚ್ಚಿ ಬಿಸಾಡಿದರು.

ಮರುದಿನವೇ ಒಂದು ಕಬ್ಬಿಣದ ಡ್ರಮ್ ಬಂತು. ವೆಲ್ಡರ್ ಅದಕ್ಕೆ ಅಡ್ಡಲಾಗಿ ದಪ್ಪ ಸರಳು ತೂರಿಸಿ, ಮೇಲೊಂದು ಕೊಂಡಿ ಬೆಸೆದ. ಸರಳಿನ ಎರಡು ತುದಿ ಹಲಗೆ ಬಿಗಿದಿದ್ದ ಆ ಎರಡು ತೋಳುಗಳಿಗೆ, ಕೊಂಡಿ ಅವುಗಳ ಮೇಲಿರುವ ಇನ್ನೊಂದು ತೋಳಿಗೆ. ಒಳಗೆ ಕಾಂಕ್ರೀಟ್ ತುಂಬಿದರೆ ಮೂರು ನಾಲ್ಕು ಗುಂಡರ ಭಾರ. ಕಾಂಕ್ರೀಟ್ ಕಲಸಲು ಗುಂಡನೇ ನಿಂತ. ತನ್ನ ಜಾಗಕ್ಕೆ ಬಂದ ಹೊಸ ನೌಕರನನ್ನು ನೋಡುವ ಹಾಗೆ ಡ್ರಮ್ಮನ್ನು ನೋಡುತ್ತ ನೋಡುತ್ತ ತುಂಬಿದ. ಅದು ಗಟ್ಟಿಯಾಗುವವರೆಗೆ ದಿನಾ ಹೋಗಿ ತಟ್ಟಿ ನೋಡುತ್ತಿದ್ದ. ಕದ್ದಂತೂ ತಿನ್ನಲಿಲ್ಲ. ಹೂಕುಂಡಗಳನ್ನೆಲ್ಲ ಎತ್ತಿ ನೋಡಿದ್ದೇನೆ.

ಡ್ರಮ್ ತಗುಲಿಸಿದ ದಿನ ಇವರು ಅದೇ ಒದ್ದೆ ಮಣ್ಣು ತುಂಬಿ ಎತ್ತಿದರು. ಹಿಂದಿನ ಚಕ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಗುಂಡ. ಆಮೇಲೆ ಟೋಪಿ ತೆಗೆದು ಮೊಳೆಗೆ ನೇತುಹಾಕಿ ಒಳಗೆ ಹೋದ. ಹೊರಗೆ ಬಂದಾಗ ಕೈಯಲ್ಲಿ ಬಟ್ಟೆಯ ಚೀಲವಿತ್ತು. "ಪೇಟೆ ಕಡೆ ಹೋಗಿ ಏನಾದ್ರೂ ಕೆಲಸ ನೋಡ್ತೀನಿ ಅಕ್ಕ" ಎಂದ, ನಗುತ್ತಲೇ. ಆ ನಗು ನನ್ನಿಂದ ನೋಡಲಾಗಲಿಲ್ಲ.

ಇವರು ಬಕೆಟ್ ನೆಲಕ್ಕಿಳಿಸಿ, ಎಂಜಿನ್ ನಿಲ್ಲಿಸಿ, ಸಿಂಹಾಸನದಿಂದ ಇಳಿದು ಬಂದರು.

"ಎಲ್ಲಿಗೋ ಸವಾರಿ? ಹತ್ತು."

"ಹಿಂದೆ ಜಾಗ ಇಲ್ವಲ್ಲ ಭಾವ."

"ಹಿಂದೆ ಅಂತ ಯಾರಂದ್ರು? ಸೀಟಿಗೆ ಹತ್ತೋ. ಚಕ್ರ ಏಳೋದು ನಿನ್ನ ಅಂಡಿಗೆ ಗೊತ್ತಾಗ್ತಿತ್ತು, ನನ್ನ ತಲೆಗೆ ಗೊತ್ತಾಗ್ಲಿಲ್ಲ. ಅವತ್ತು ನೀನು ಇಳಿಸಿ ಅಂದೆ, ನಾನು ಕೇಳ್ಲಿಲ್ಲ. ಇನ್ಮೇಲೆ ನೀನೇ ನಡೆಸು."

ಗುಂಡ ಚೀಲವನ್ನು ನನ್ನ ಕೈಗೆ ತುರುಕಿದ. ಟೋಪಿ ಮತ್ತೆ ತಲೆಗೇರಿತು. ಇವರು ಪಕ್ಕದಲ್ಲಿ ನಡೆಯುತ್ತ, ಹೇಳಿಕೊಡುತ್ತ, ಖಾಲಿ ಗಾಡಿಯನ್ನು ಅಂಗಳದಲ್ಲಿ ಸುತ್ತಿಸಿದರು. ಹೇಳಿಕೊಡಲು ಹೆಚ್ಚೇನೂ ಇರಲಿಲ್ಲ. ಹಿಂದೆ ಕೂತೇ ಎಲ್ಲ ಕಲಿತುಬಿಟ್ಟಿದ್ದ. ಆಮೇಲೆ ಮಣ್ಣು ಬಾಚಿದ. ಬಕೆಟ್ಟನ್ನು ಮೊಣಕಾಲೆತ್ತರದಲ್ಲೇ ಹಿಡಿದು ಮೆಲ್ಲಗೆ ಹೊರಟ. ಇವರಿಗೆ ಸಂತೋಷ ತಡೆಯಲಿಲ್ಲವೋ ಏನೋ, ಓಡಿಹೋಗಿ ಹಿಂದಿನ ಡ್ರಮ್ಮಿನ ಮೇಲೆ ಹತ್ತಿ ಕೂತರು.

ಗಾಡಿ ಗಕ್ಕನೆ ನಿಂತಿತು. ಗುಂಡ ಹಿಂತಿರುಗಿ ನೋಡಿದ.

"ಭಾವಾ, ಇಳೀರಿ! ಅಲ್ಲಿ ಇನ್ಮೇಲೆ ಯಾರೂ ಕೂರಬಾರ್ದು."

ಇವರು ತುಟಿಪಿಟಕ್ಕೆನ್ನದೆ ಇಳಿದರು. ಮದುವೆಯಾದಾಗಿನಿಂದ ನನ್ನ ಮಾತಿಗೆ ಒಂದು ಸಲವೂ ಹಾಗೆ ಇಳಿದವರಲ್ಲ.